ಒತ್ತಕ್ಷರ ಕೆಡದಂತೆ ಮೂರು ಪದರದ ಔಟ್‌ಲೈನ್: ನನ್ನ ಅನುಭವ

ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿಗೆ ಮುಂಚೆ ಟ್ರೇಲರ್ ಹಿಂದಿನ ಹಲಗೆಗೆ ಹೆಸರು ಹಾಕಿಸುವವರು ಕೇಳುವ ಬಣ್ಣ ಸಾಮಾನ್ಯವಾಗಿ ಒಂದೇ: ಹಳದಿ ಅಕ್ಷರ, ಸುತ್ತ ಕೆಂಪು, ಅದರಾಚೆ ಕಪ್ಪು. ‘ಶ್ರೀ ಬನಶಂಕರಿ ಪ್ರಸನ್ನ’ ಎಂಬ ಸಾಲನ್ನೇ ಹಿಡಿದು, ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ನಾನು ಮಾಡುವ ರೀತಿ ಬರೆದಿದ್ದೇನೆ. ಅಕ್ಷರದ ಎತ್ತರ ಒತ್ತು ಬಿಟ್ಟು 150 ಮಿ.ಮೀ.

ಟೈಪ್ ಮಾಡಿದ ಅಕ್ಷರಕ್ಕೇ ನೇರವಾಗಿ ಸ್ಟ್ರೋಕ್ (ಅಂಚಿನ ಗೆರೆ) ಕೊಡುವುದು ಎಲ್ಲರೂ ಮಾಡುವ ತಪ್ಪು. ಸ್ಟ್ರೋಕ್ ಅಂಚಿನ ಎರಡೂ ಬದಿಗೆ ಅರ್ಧರ್ಧ ಹರಡುತ್ತದೆ. ಒಳಗೆ ಬಂದ ಅರ್ಧ ಅಕ್ಷರವನ್ನು ತಿನ್ನುತ್ತದೆ. ಧ, ಫ, ಢಗಳ ಹೊಟ್ಟೆ ಸೀಳು ಮುಚ್ಚಿಹೋದರೆ ‘ಧನ’ವನ್ನು ಜನ ‘ದನ’ ಎಂದು ಓದುತ್ತಾರೆ. ಇನ್ನೊಂದು ತೊಂದರೆ ಕನ್ನಡದ್ದೇ. ಒತ್ತು ಮೂಲ ಅಕ್ಷರದ ಮೇಲೆ ಹತ್ತಿ ಕೂತಿದ್ದರೆ, ಕೂಡಿದ ಜಾಗದಲ್ಲಿ ಗೆರೆ ಅಡ್ಡ ಹಾಯುತ್ತದೆ. ಹಳೆಯ ನುಡಿ ಫಾಂಟ್‌ಗಳಲ್ಲಿ ಅಕ್ಷರವನ್ನೇ ತುಂಡು ತುಂಡು ಜೋಡಿಸಿರುವುದರಿಂದ ಈ ಕಾಟ ಹೆಚ್ಚು. ನಾನು ‘ಬಾಲೂ ತಮ್ಮ’ದಂಥ ದಪ್ಪ ಯೂನಿಕೋಡ್ ಫಾಂಟ್ ಬಳಸುತ್ತೇನೆ.

ಮೊದಲು ಸಾಲಿನ ಒಂದು ಪ್ರತಿಯನ್ನು ಪುಟದ ಹೊರಗೆ ಇಡಿ. ಪಾತ್ (ಬರೀ ಗೆರೆಯ ಆಕಾರ) ಆದ ಮೇಲೆ ಕಾಗುಣಿತ ತಿದ್ದಲಾಗದು. ಆಮೇಲೆ ಶಿಫ್ಟ್+ಕಂಟ್ರೋಲ್+ಸಿ ಒತ್ತಿ ಪಾತ್ ಮಾಡಿ, ಅನ್‌ಗ್ರೂಪ್ ಮಾಡಿ, ಅಕ್ಷರಗಳ ನಡುವೆ 12 ಮಿ.ಮೀ. ಜಾಗ ಬಿಡಿ. ಒತ್ತನ್ನೂ ಅಕ್ಷರದ ಜೊತೆಗೇ ಆರಿಸಿ ಸರಿಸಬೇಕು, ಇಲ್ಲವಾದರೆ ‘ಪ್ರ’ದ ಬಾಲ ‘ಸ’ದ ಕೆಳಗೆ ಉಳಿಯುತ್ತದೆ. 12 ಯಾಕೆಂದರೆ ಕೆಂಪು ಎರಡೂ ಕಡೆಯಿಂದ 4-4 ಬಂದರೂ ನಡುವೆ 4 ಮಿ.ಮೀ. ಕಪ್ಪು ಕಾಣಬೇಕು. ಕಪ್ಪು ಮಾತ್ರ ಪದದ ಉದ್ದಕ್ಕೂ ಒಂದೇ ಹಾಳೆಯಾಗಿ ಕೂಡಿಕೊಳ್ಳಲಿ, ಅಂಟಿಸಲು ಅದೇ ಸುಲಭ. ಎರಡು ಸಾಲಿದ್ದರೆ ಮೇಲಿನ ಒತ್ತಿಗೂ ಕೆಳಗಿನ ತಲೆಕಟ್ಟಿಗೂ ಇಷ್ಟೇ ಅಂತರ.

ಈಗ ಪಾತ್ ಆದ ಅಕ್ಷರಗಳನ್ನೆಲ್ಲ ಆರಿಸಿ ಯೂನಿಯನ್, ಅಂದರೆ ಆಕಾರಗಳೆಲ್ಲ ಕರಗಿ ಒಂದಾಗಬೇಕು. ಕಂಬೈನ್ ಅಲ್ಲ, ಅದರಲ್ಲಿ ಒಂದರ ಮೇಲೊಂದು ಬಿದ್ದ ಗೆರೆಗಳು ಕರಗದೆ ಹಾಗೇ ಉಳಿಯುತ್ತವೆ.

ಕಂಟ್ರೋಲ್+ಡಿಯಿಂದ ನಕಲು ತೆಗೆದು, ಫಿಲ್ (ಒಳಬಣ್ಣ) ಮತ್ತು ಸ್ಟ್ರೋಕ್ ಎರಡಕ್ಕೂ ಕೆಂಪು, ಸ್ಟ್ರೋಕ್ 8 ಮಿ.ಮೀ., ಎಂಡ್ ಕೀ ಒತ್ತಿ ತಳಕ್ಕೆ. ಹಳದಿಯಿಂದಲೇ ಮತ್ತೊಂದು ನಕಲು: ಕಪ್ಪು, 20 ಮಿ.ಮೀ., ಅದೂ ತಳಕ್ಕೆ. ಒಳಗಿನ ಅರ್ಧ ಹಳದಿಯ ಅಡಿಗೆ ಹೋಗುವುದರಿಂದ ಹೊರಗೆ ಚಾಚುವುದು 4 ಮತ್ತು 10; ಕಪ್ಪಿನ 10ರಲ್ಲಿ 4 ಕೆಂಪಿನ ಅಡಿಗೆ ಹೋಗಿ 6 ಕಾಣುತ್ತದೆ. ಜಾಯಿನ್ (ಗೆರೆಯ ಮೂಲೆ) ರೌಂಡ್ ಇರಲಿ. ಮೈಟರ್ (ಚೂಪು ಮೂಲೆ) ಇಟ್ಟರೆ ಒತ್ತಿನ ಒಂದು ತುದಿ ಮುಳ್ಳಿನಂತೆ ಚಾಚುತ್ತದೆ, ಮಿತಿ ದಾಟಿದ ಇನ್ನೊಂದು ತುದಿ ಕೊಯ್ದಂತೆ ಮೊಂಡಾಗುತ್ತದೆ. ಅಳತೆ ಬದಲಿಸುವ ಮುಂಚೆ ಸ್ಟ್ರೋಕ್ ದಪ್ಪವೂ ಜೊತೆಗೆ ಬದಲಾಗುವ ಬಟನ್ ಒತ್ತಿದೆಯೇ ನೋಡಿ. ಅದು ಬಿಟ್ಟಿದ್ದರೆ ಅಕ್ಷರ ಇಮ್ಮಡಿಯಾಗಿ ಅಂಚು ಮಾತ್ರ ಹಳೆಯ ದಪ್ಪದಲ್ಲೇ ಉಳಿಯುತ್ತದೆ.

ಫ್ಲೆಕ್ಸ್ ಪ್ರಿಂಟ್‌ಗೆ ಇಷ್ಟು ಸಾಕು. ಅಂಟುಹಾಳೆ ಕತ್ತರಿಸುವ ವಿನೈಲ್ ಕಟಿಂಗ್‌ಗೆ ಸಾಲದು: ಕಟರ್ ಸ್ಟ್ರೋಕ್‌ನ ದಪ್ಪ ನೋಡುವುದಿಲ್ಲ, ನಡುಗೆರೆಯ ಮೇಲೇ ಬ್ಲೇಡ್ ಓಡಿಸುತ್ತದೆ. ಕೆಂಪು, ಕಪ್ಪು ಎರಡನ್ನೂ ಸ್ಟ್ರೋಕ್ ಟು ಪಾತ್ (ದಪ್ಪ ಗೆರೆಯನ್ನೇ ಆಕಾರವಾಗಿಸುವುದು) ಮಾಡಿ, ಅನ್‌ಗ್ರೂಪ್ ಮಾಡಿ, ಬೇರೆ ಬೇರೆಯಾಗಿ ಯೂನಿಯನ್ ಮಾಡಬೇಕು. ಕಪ್ಪಿನಲ್ಲಿ ಒತ್ತಿಗೂ ಅಕ್ಷರಕ್ಕೂ ನಡುವೆ ಸಾಸಿವೆಯಷ್ಟು ತೂತುಗಳು ಉಳಿದಿರುತ್ತವೆ. ಬ್ರೇಕ್ ಅಪಾರ್ಟ್‌ನಿಂದ ಬಿಡಿಬಿಡಿ ಮಾಡಿ, 5 ಮಿ.ಮೀ.ಗಿಂತ ಚಿಕ್ಕವನ್ನು ಅಳಿಸಿ, ಉಳಿದದ್ದನ್ನು ಕಂಬೈನ್ ಮಾಡಿ. ಇಲ್ಲಿ ಕಂಬೈನೇ ಸರಿ, ಯೂನಿಯನ್ ಮಾಡಿದರೆ ದೊಡ್ಡ ತೂತುಗಳೂ ಮುಚ್ಚುತ್ತವೆ.

ಮೂರೂ ಬಣ್ಣಕ್ಕೆ ಒಂದೇ ಜಾಗದಲ್ಲಿ, ಎರಡು ಮೂಲೆಗೆ 5 ಮಿ.ಮೀ. ಚೌಕ ಗುರುತು ಇಡಿ. ಅಂಟಿಸುವಾಗ ಅದರ ಮೇಲೆ ಅದು ಕೂತರೆ ಅಕ್ಷರವೂ ಕೂತಂತೆ. ಕಪ್ಪು ಮೊದಲು, ಅದೂ ಬೆಳಿಗ್ಗೆಯೇ. ಬಿಸಿಲಿಗೆ ಕಾದ ತಗಡಿನ ಮೇಲೆ ಅಂಟು ಮುಟ್ಟಿದ ಕೂಡಲೇ ಹಿಡಿಯುತ್ತದೆ, ಸರಿಸಲು ಬಿಡುವುದಿಲ್ಲ.