ಬ್ರಿಟನ್ನಿನ ಬಾಡಿಗೆ ನೆರವು: ಮಿತಿಯ ಲೆಕ್ಕ, ಮಾಲೀಕರ ಲಾಭದ ಲೆಕ್ಕ ಹಾಕಿ ನೋಡುವುದು ಹೇಗೆ?

ಬ್ರಿಟನ್ನಿನಲ್ಲಿ ಬಜೆಟ್ ಹತ್ತಿರವಾದಾಗಲೆಲ್ಲ ಒಂದು ವಾದ ತಪ್ಪದೆ ಏಳುತ್ತದೆ. ಬಾಡಿಗೆ ಕಟ್ಟಲಾಗದ ಕುಟುಂಬಗಳಿಗೆ ಸರ್ಕಾರ ಕೊಡುವ ನೆರವು ಕೊನೆಗೆ ಸೇರುವುದು ಖಾಸಗಿ ಮನೆ ಮಾಲೀಕರ ಜೇಬಿಗೆ, ಆದ್ದರಿಂದ ನೆರವಿಗೆ ಬಿಗಿಯಾದ ಮಿತಿ ಹಾಕಿದರೆ ಬಾಡಿಗೆಯೂ ಇಳಿಯುತ್ತದೆ ಎಂದು ಒಂದು ಪಕ್ಷ ವಾದಿಸುತ್ತದೆ. ಬಾಡಿಗೆ ಇಳಿಯುವುದಿಲ್ಲ, ಬಾಡಿಗೆದಾರರು ಹೊಟ್ಟೆ ಕಟ್ಟಿ ವ್ಯತ್ಯಾಸ ತುಂಬುತ್ತಾರೆ, ಆಗದಿದ್ದಾಗ ಮನೆ ಕಳೆದುಕೊಳ್ಳುತ್ತಾರೆ ಎಂದು ಇನ್ನೊಂದು ಪಕ್ಷ ಉತ್ತರಿಸುತ್ತದೆ. ಆ ದೇಶದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬಾಡಿಗೆದಾರರೂ ಇದ್ದಾರೆ, ಸಾಲ ಮಾಡಿ ಕೊಂಡ ಎರಡನೆಯ ಮನೆಯನ್ನು ಬಾಡಿಗೆಗೆ ಕೊಟ್ಟವರೂ ಇದ್ದಾರೆ. ಈ ವಾದದಲ್ಲಿ ಯಾರು ಎಷ್ಟು ಸರಿ ಎಂಬುದನ್ನು ಘೋಷಣೆಗಳಿಂದ ತಿಳಿಯಲಾಗದು, ಕಾಗದ ಹಿಡಿದು ಲೆಕ್ಕ ಹಾಕಿದರೆ ಬಹುಮಟ್ಟಿಗೆ ತಿಳಿಯುತ್ತದೆ. ಆ ಲೆಕ್ಕವನ್ನು ಹಂತ ಹಂತವಾಗಿ ಹಾಕುವ ವಿಧಾನ ಇಲ್ಲಿದೆ.

ಮೊದಲ ಹಂತ: ನೆರವು ಯಾರಿಗೆ ಎಂದು ಖಚಿತಪಡಿಸಿಕೊಳ್ಳಿ

ನಮ್ಮಲ್ಲಿ ಸಂಬಳದ ಚೀಟಿಯಲ್ಲಿ ಕಾಣುವ ಮನೆ ಬಾಡಿಗೆ ಭತ್ಯೆಯನ್ನು ಉದ್ಯೋಗದಾತರು ಕೊಡುತ್ತಾರೆ. ಬ್ರಿಟನ್ನಿನ ಹೌಸಿಂಗ್ ಬೆನಿಫಿಟ್ ಅದಲ್ಲ, ಅದು ಆದಾಯ ಕಡಿಮೆ ಇರುವವರಿಗೆ ತೆರಿಗೆ ಹಣದಿಂದ ಸಲ್ಲುವ ನೆರವು. 1982ರ ಕಾಯ್ದೆಯಿಂದ ರೂಪುಗೊಂಡ ಈ ಯೋಜನೆಯ ಜಾಗವನ್ನು, ದುಡಿಯುವ ವಯಸ್ಸಿನವರ ಮಟ್ಟಿಗೆ, ಈಗ ಬಹುತೇಕ, ಹಲವು ಬಗೆಯ ನೆರವನ್ನು ಒಂದೇ ಪಾವತಿಯಾಗಿಸಿದ ಯೂನಿವರ್ಸಲ್ ಕ್ರೆಡಿಟ್ ತೆಗೆದುಕೊಂಡಿದೆ. ಅದರೊಳಗಿನ ಬಾಡಿಗೆಯ ಪಾಲು ಸಾಮಾನ್ಯವಾಗಿ ಬಾಡಿಗೆದಾರರ ಖಾತೆಗೇ ಬರುತ್ತದೆ. ದುಡಿಯುವವರಿಗೂ ಅದು ಸಿಗುತ್ತದೆ, ಆದರೆ ಗಳಿಕೆ ಏರಿದಂತೆ, ವಿನಾಯಿತಿಯ ಮೊತ್ತ ಇದ್ದರೆ ಅದನ್ನು ಕಳೆದು, ಪ್ರತಿ ಪೌಂಡಿಗೆ 55 ಪೆನ್ಸ್‌ನಂತೆ ಕಡಿತವಾಗುತ್ತದೆ.

ಸ್ಕಿಲ್ಡ್ ವರ್ಕರ್ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಸಾರ್ವಜನಿಕ ನಿಧಿಯ ನೆರವು ಇಲ್ಲವೆಂಬ ಷರತ್ತು ಇರುತ್ತದೆ. ಬಾಡಿಗೆ ನೆರವೂ ಆ ಪಟ್ಟಿಯಲ್ಲಿ ಸೇರಿದೆ. ತಿಳಿಯದೆ ಅರ್ಜಿ ಹಾಕಿದರೆ ಮುಂದೆ ವೀಸಾಕ್ಕೇ ತೊಂದರೆಯಾಗಬಹುದು. ಕಾಯಂ ವಾಸದ ಅನುಮತಿ ಸಿಕ್ಕ ಮೇಲೆ ಸಾಮಾನ್ಯವಾಗಿ ಈ ಷರತ್ತು ಹೋಗುತ್ತದೆ.

ಎರಡನೆಯ ಹಂತ: ಕೋಣೆಗಳನ್ನು ಎಣಿಸಿ

ನೀವು ಎಷ್ಟು ದೊಡ್ಡ ಮನೆಯಲ್ಲಿದ್ದೀರಿ ಎಂಬುದನ್ನು ಸರ್ಕಾರ ಇಲ್ಲಿ ನೋಡುವುದಿಲ್ಲ, ನಿಮ್ಮ ಕುಟುಂಬಕ್ಕೆ ಎಷ್ಟು ಮಲಗುವ ಕೋಣೆ ಸಾಕು ಎಂಬುದನ್ನು ನೋಡುತ್ತದೆ. ದಂಪತಿಗೆ ಒಂದು, 16 ದಾಟಿದ ಪ್ರತಿಯೊಬ್ಬರಿಗೆ ಒಂದು, 16ರೊಳಗಿನ ಇಬ್ಬರು ಗಂಡುಮಕ್ಕಳಿಗೆ ಅಥವಾ ಇಬ್ಬರು ಹೆಣ್ಣುಮಕ್ಕಳಿಗೆ ಒಂದು, 10ರೊಳಗಿನ ಇಬ್ಬರು ಮಕ್ಕಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಒಂದು. ಗರಿಷ್ಠ ನಾಲ್ಕು ಕೋಣೆ. ಒಬ್ಬಂಟಿಯಾಗಿರುವ, 35 ತುಂಬದವರಿಗೆ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಹಂಚಿಕೊಂಡ ಮನೆಯ ಒಂದು ಕೋಣೆಯ ದರ ಮಾತ್ರ. ಈ ವಯಸ್ಸಿನ ಗೆರೆ 2012ರವರೆಗೆ 25ರಲ್ಲಿತ್ತು.

ಉದಾಹರಣೆಗೆ, ಲಂಡನ್ನಿನ ಹೊರಗೆ ಬಾಡಿಗೆ ಮನೆಯಲ್ಲಿರುವ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ: ತಂದೆ, ತಾಯಿ, 12 ವರ್ಷದ ಮಗ, 8 ವರ್ಷದ ಮಗಳು. ಮಗನಿಗೆ 10 ತುಂಬುವ ಹಿಂದಿನ ದಿನದವರೆಗೆ ಇವರಿಗೆ ಎರಡು ಕೋಣೆಯ ದರ ಸಿಗುತ್ತಿತ್ತು, ತುಂಬಿದ ಮೇಲೆ ಮೂರು ಕೋಣೆಯ ದರಕ್ಕೆ ಅರ್ಹರಾದರು.

ಮೂರನೆಯ ಹಂತ: ಸ್ಥಳೀಯ ದರವನ್ನೂ ಅದರ ದಿನಾಂಕವನ್ನೂ ನೋಡಿ

ಖಾಸಗಿ ಬಾಡಿಗೆ ಮನೆಗಳಿಗೆ ಅನ್ವಯಿಸುವ ಮಿತಿಯ ಹೆಸರು ಲೋಕಲ್ ಹೌಸಿಂಗ್ ಅಲೊವೆನ್ಸ್. ಇಂಗ್ಲೆಂಡನ್ನು ಇದಕ್ಕಾಗಿ 152 ಬಾಡಿಗೆ ಪ್ರದೇಶಗಳಾಗಿ ವಿಂಗಡಿಸಲಾಗಿದೆ. ಒಂದು ಪ್ರದೇಶದಲ್ಲಿ ಮೂರು ಕೋಣೆಯ ನೂರು ಮನೆಗಳ ಬಾಡಿಗೆಯನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದರೆ, ಮೂವತ್ತನೆಯ ಮನೆಯ ಬಾಡಿಗೆ ಎಷ್ಟೋ ಅಷ್ಟೇ ಮಿತಿ. 2008ರಲ್ಲಿ ಯೋಜನೆ ದೇಶದಾದ್ಯಂತ ಜಾರಿಗೆ ಬಂದಾಗ ಈ ಗುರುತು ಐವತ್ತನೆಯ ಮನೆಯ ಮೇಲಿತ್ತು. 2010ರ ಜೂನ್‌ನಲ್ಲಿ ತುರ್ತು ಬಜೆಟ್ ಮಂಡಿಸಿದ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್, ಹತ್ತು ವರ್ಷಗಳಲ್ಲಿ ಬಾಡಿಗೆ ನೆರವಿನ ವೆಚ್ಚ 1,400 ಕೋಟಿ ಪೌಂಡ್‌ಗಳಿಂದ 2,100 ಕೋಟಿಗೆ ಏರಿದೆ, ಕೆಲವು ಕುಟುಂಬಗಳಿಗೆ ವರ್ಷಕ್ಕೆ 1,04,000 ಪೌಂಡ್ ಸಲ್ಲುತ್ತಿದೆ ಎಂದು ಸಂಸತ್ತಿಗೆ ತಿಳಿಸಿದರು. ಅಷ್ಟು ಪಡೆಯುತ್ತಿದ್ದ ಕುಟುಂಬಗಳು ಬೆರಳೆಣಿಕೆಯಷ್ಟು. ಆದರೆ ಪತ್ರಿಕೆಗಳಲ್ಲಿ ಉಳಿದದ್ದು ಆ ಸಂಖ್ಯೆಯೇ. 2011ರಿಂದ ಗುರುತು ಐವತ್ತರಿಂದ ಮೂವತ್ತಕ್ಕೆ ಇಳಿಯಿತು, ವಾರಕ್ಕೆ ಒಂದು ಕೋಣೆಯ ಮನೆಗೆ 250 ಪೌಂಡ್‌ನಿಂದ ನಾಲ್ಕು ಕೋಣೆಯ ಮನೆಗೆ 400 ಪೌಂಡ್‌ವರೆಗೆ ಮೇಲ್ಮಿತಿಗಳೂ ಬಂದವು. ಲಂಡನ್ನಿನ ಮೇಯರ್ ಆಗಿದ್ದ, ಸರ್ಕಾರದ ಪಕ್ಷದವರೇ ಆದ ಬೋರಿಸ್ ಜಾನ್ಸನ್, ಬಡವರನ್ನು ನಗರದಿಂದ ಹೊರಗಟ್ಟುವುದನ್ನು ಯುದ್ಧಕಾಲದಲ್ಲಿ ಒಂದು ಜನಾಂಗವನ್ನೇ ಹೊರದೂಡಿದ ಕೊಸೊವೊದಲ್ಲಿ ನಡೆದದ್ದಕ್ಕೆ ಹೋಲಿಸಿ, ತಮ್ಮ ಅಧಿಕಾರಾವಧಿಯಲ್ಲಿ ಹಾಗಾಗಲು ಬಿಡುವುದಿಲ್ಲವೆಂದರು. ಆ ಮಾತಿನಿಂದ ಪಕ್ಷದಲ್ಲಿ ಗದ್ದಲವೆದ್ದಿತು, ಮಿತಿ ಮಾತ್ರ ಜಾರಿಗೆ ಬಂದಿತು.

ಇಲ್ಲಿ ಓದುಗರು ಕಣ್ಣಿಡಬೇಕಾದದ್ದು ದಿನಾಂಕದ ಮೇಲೆ. ಮೂವತ್ತನೆಯ ಮನೆಯ ಗುರುತು ಕಾನೂನಿನಲ್ಲಿ ಇದ್ದರೂ, ದರವನ್ನು ಪ್ರತಿ ವರ್ಷ ಆ ಗುರುತಿಗೆ ಸರಿಹೊಂದಿಸಲೇಬೇಕೆಂಬ ಕಟ್ಟುಪಾಡಿಲ್ಲ. 2016ರಿಂದ ನಾಲ್ಕು ವರ್ಷ ದರವನ್ನು ಸ್ಥಗಿತಗೊಳಿಸಲಾಯಿತು. ಕೋವಿಡ್ ಬಂದಾಗ, 2020ರ ಏಪ್ರಿಲ್‌ನಲ್ಲಿ, ಮತ್ತೆ ಸರಿಹೊಂದಿಸಲಾಯಿತು. ಅನಂತರ 2024ರವರೆಗೆ ಪುನಃ ಸ್ಥಗಿತ, 2024ರ ಏಪ್ರಿಲ್‌ನಲ್ಲಿ ಒಮ್ಮೆ ಏರಿಕೆ, 2025ರಲ್ಲಿ ಮತ್ತೆ ಸ್ಥಗಿತ. 2024ರ ದರಕ್ಕೆ ಆಧಾರವಾದದ್ದು 2023ರ ಸೆಪ್ಟೆಂಬರ್‌ಗೆ ಮುಗಿದ ವರ್ಷದ ಬಾಡಿಗೆಗಳು. ಹೀಗಾಗಿ 2025-26ರಲ್ಲಿ ಮನೆ ಹುಡುಕಿದವರ ಕೈಯಲ್ಲಿದ್ದ ನೆರವು ಎರಡು ವರ್ಷಕ್ಕೂ ಹಳೆಯ ಮಾರುಕಟ್ಟೆಯದು. ಇದು ಘೋಷಣೆಯಿಲ್ಲದೆ ನಡೆಯುವ ಕಡಿತ, ಮತದಾನವೂ ಇಲ್ಲ, ಚರ್ಚೆಯೂ ಕಡಿಮೆ. ಅದಕ್ಕಾಗಿಯೇ ಅದನ್ನು ಹೆಸರು ಹಿಡಿದು ಹೇಳಬೇಕು.

ನಮ್ಮ ಉದಾಹರಣೆಯ ಕುಟುಂಬದ ಬಾಡಿಗೆ ತಿಂಗಳಿಗೆ 1,200 ಪೌಂಡ್, ಸ್ಥಳೀಯ ದರ 1,000 ಪೌಂಡ್ ಎಂದಿಟ್ಟುಕೊಳ್ಳಿ. ಮೊದಲ ಕೊರತೆ 200 ಪೌಂಡ್. (ದರಗಳನ್ನು ವಾರದ ಲೆಕ್ಕದಲ್ಲಿ ಪ್ರಕಟಿಸಿದ್ದರೆ 52ರಿಂದ ಗುಣಿಸಿ 12ರಿಂದ ಭಾಗಿಸಿ, ನಾಲ್ಕರಿಂದ ಗುಣಿಸಿದರೆ ತಿಂಗಳ ಮೊತ್ತ ಕಡಿಮೆ ಬಂದು ಲೆಕ್ಕ ತಪ್ಪುತ್ತದೆ.)

ನಾಲ್ಕನೆಯ ಹಂತ: ಒಟ್ಟು ನೆರವಿನ ಮಿತಿಯನ್ನು ಕಳೆಯಿರಿ

ಸ್ಥಳೀಯ ದರದ ಮೇಲೆ ಇನ್ನೊಂದು ಮಿತಿ ಇದೆ. ಒಂದು ಕುಟುಂಬ ಎಲ್ಲ ಬಗೆಯ ನೆರವು ಸೇರಿ ಇಷ್ಟಕ್ಕಿಂತ ಹೆಚ್ಚು ಪಡೆಯಬಾರದೆಂಬ ಈ ಬೆನಿಫಿಟ್ ಕ್ಯಾಪ್ 2013ರಲ್ಲಿ ವರ್ಷಕ್ಕೆ 26,000 ಪೌಂಡ್ ಇತ್ತು. 2016ರಲ್ಲಿ ಲಂಡನ್ನಿಗೆ 23,000, ಉಳಿದೆಡೆ 20,000 ಆಯಿತು. 2023ರ ಏಪ್ರಿಲ್‌ನಿಂದ ಅದು ಲಂಡನ್ನಿಗೆ 25,323, ಉಳಿದೆಡೆ 22,020 ಪೌಂಡ್. ಹತ್ತು ವರ್ಷಗಳ ಬೆಲೆಯೇರಿಕೆಯ ನಂತರವೂ ಮೊದಲ ಮೊತ್ತಕ್ಕಿಂತ ಕಡಿಮೆ ಎಂಬುದನ್ನು ಗಮನಿಸಿ. ನಿಗದಿತ ಮಟ್ಟದ ದುಡಿಮೆ ಇರುವವರಿಗೂ ಕೆಲವು ಅಂಗವೈಕಲ್ಯ ಭತ್ಯೆ ಪಡೆಯುವವರಿಗೂ ಈ ಮಿತಿ ಅನ್ವಯಿಸುವುದಿಲ್ಲ.

ನಮ್ಮ ಕುಟುಂಬದಲ್ಲಿ ತಂದೆಯ ಕೆಲಸ ಹೋಗಿದೆ, ತಾಯಿಗೂ ಕೆಲಸವಿಲ್ಲ ಎಂದುಕೊಳ್ಳಿ. 2025-26ರ ದರದಲ್ಲಿ ಯೂನಿವರ್ಸಲ್ ಕ್ರೆಡಿಟ್‌ನೊಳಗೆ ದಂಪತಿಯ ಪಾಲು ತಿಂಗಳಿಗೆ ಸುಮಾರು 628 ಪೌಂಡ್, ಇಬ್ಬರು ಮಕ್ಕಳ ಪಾಲು ಸುಮಾರು 632, ಮಕ್ಕಳಿಗಾಗಿ ಪ್ರತ್ಯೇಕವಾಗಿ ಸಿಗುವ ಚೈಲ್ಡ್ ಬೆನಿಫಿಟ್ ಸುಮಾರು 188, ಬಾಡಿಗೆ ಪಾಲು 1,000. ಒಟ್ಟು 2,448. ಲಂಡನ್ನಿನ ಹೊರಗಿನ ಮಿತಿ ತಿಂಗಳಿಗೆ 1,835. ಅಂದರೆ 613 ಪೌಂಡ್ ಅಲ್ಲೇ ಕಡಿತವಾಗುತ್ತದೆ. ಕೈಗೆ ಬಂದ 1,835ರಲ್ಲಿ ಬಾಡಿಗೆಗೆ 1,200 ಕೊಟ್ಟರೆ, ನಾಲ್ಕು ಜನರ ಊಟ, ವಿದ್ಯುತ್, ಬಟ್ಟೆ, ಬಸ್ಸು ಎಲ್ಲಕ್ಕೂ ಸೇರಿ ಉಳಿಯುವುದು 635 ಪೌಂಡ್. ಕೆಲಸ ಹೋಗುವ ಮುನ್ನ ವರ್ಷವಿಡೀ ದುಡಿದಿದ್ದವರಿಗೆ ಒಂಬತ್ತು ತಿಂಗಳ ರಿಯಾಯಿತಿ ಇದೆ, ಆ ಬಳಿಕ ಇದೇ ಲೆಕ್ಕ. 2024ರಲ್ಲಿ ಸ್ಥಳೀಯ ದರ ಏರಿದಾಗ, ಆಗಲೇ ಈ ಮಿತಿಗೆ ಸಿಕ್ಕಿಬಿದ್ದಿದ್ದ ಕುಟುಂಬಗಳಿಗೆ ಒಂದು ಪೆನ್ನಿಯೂ ಹೆಚ್ಚು ಬರಲಿಲ್ಲ. ಕಾರಣ ಈ ಉದಾಹರಣೆಯಲ್ಲೇ ಕಾಣುತ್ತದೆ: ಬಾಡಿಗೆ ಪಾಲು ಎಷ್ಟು ಏರಿದರೂ ಒಟ್ಟು ಮೊತ್ತ 1,835ನ್ನು ದಾಟುವಂತಿಲ್ಲ.

ಐದನೆಯ ಹಂತ: ಮಾಲೀಕರ ಲೆಕ್ಕವನ್ನೂ ಹಾಕಿ

ಮಾಲೀಕರೆಲ್ಲ ಲಾಭಕೋರರೆಂಬ ಮಾತನ್ನೂ ಲೆಕ್ಕವಿಲ್ಲದೆ ಒಪ್ಪಬಾರದು. 2,00,000 ಪೌಂಡ್ ಬೆಲೆಯ ಮನೆ, ಅದರ ಮೇಲೆ 1,50,000 ಪೌಂಡ್ ಸಾಲ, ತಿಂಗಳಿಗೆ 1,000 ಪೌಂಡ್ ಬಾಡಿಗೆ ಎಂದಿಟ್ಟುಕೊಳ್ಳಿ. ವರ್ಷದ ಬಾಡಿಗೆ 12,000. ಏಜೆಂಟರ ಶುಲ್ಕ, ರಿಪೇರಿ, ವಿಮೆಗೆ 2,500. ಬಡ್ಡಿ ಶೇ 5 ಆದರೆ 7,500. ಕೈಯಲ್ಲಿ ಉಳಿದದ್ದು 2,000. ಆದರೆ 2017ರಿಂದ 2020ರವರೆಗೆ ಹಂತ ಹಂತವಾಗಿ ಬಂದ ಬದಲಾವಣೆಯಿಂದ, ಬಡ್ಡಿಯನ್ನು ಆದಾಯದಿಂದ ಕಳೆಯುವಂತಿಲ್ಲ, ಅದರ ಶೇ 20ರಷ್ಟನ್ನು ತೆರಿಗೆಯಲ್ಲಿ ಮಾತ್ರ ಕಡಿತ ಮಾಡಿಕೊಳ್ಳಬಹುದು. ಶೇ 40ರ ತೆರಿಗೆ ಕಟ್ಟುವವರಿಗೆ 9,500ರ ಮೇಲೆ 3,800 ತೆರಿಗೆ, ಅದರಲ್ಲಿ 1,500 ಕಳೆದರೆ 2,300. ಕೈಯಲ್ಲಿದ್ದದ್ದು 2,000 ಮಾತ್ರ, ಹೀಗಾಗಿ 300 ಪೌಂಡ್ ಜೇಬಿನಿಂದಲೇ ಹೋಗುತ್ತದೆ. ಬಡ್ಡಿ ಶೇ 2 ಇದ್ದ ಕಾಲದಲ್ಲಿ ಇದೇ ಮನೆ, ಇದೇ ಬಾಡಿಗೆಗೆ 3,300 ಪೌಂಡ್ ಉಳಿಸುತ್ತಿತ್ತು. ಸಾಲವೇ ಇಲ್ಲದ ಮಾಲೀಕರಿಗೆ ತೆರಿಗೆ ಕಟ್ಟಿದ ಮೇಲೆ 5,700 ಉಳಿಯುತ್ತದೆ.

ಮಾಲೀಕರ ಅಳಲಿನಲ್ಲಿ ನಿಜವಿದೆ ಎಂಬುದು ಇದರಿಂದ ಸ್ಪಷ್ಟ. ಆದರೆ ಅವರು ಸಾಮಾನ್ಯವಾಗಿ ಹೇಳದೆ ಬಿಡುವ ಒಂದು ಸಾಲನ್ನು ನೀವು ಸೇರಿಸಬೇಕು. ಮನೆಯ ಬೆಲೆ ವರ್ಷಕ್ಕೆ ಶೇ 3 ಏರಿದರೂ ಅದು 6,000 ಪೌಂಡ್. ಮಾಲೀಕರ ಸ್ವಂತ ಹಣ 50,000 ಮಾತ್ರವಾದ್ದರಿಂದ ಅದರ ಮೇಲೆ ಶೇ 12ರ ಗಳಿಕೆ. ಆ ಲಾಭಕ್ಕೆ ತೆರಿಗೆ ಬೀಳುವುದು ಮನೆ ಮಾರಿದಾಗ. ಇನ್ನು ಒಂದೇ ಮನೆಯ ಸಣ್ಣ ಮಾಲೀಕರ ಹೆಸರಿನಲ್ಲಿ ಇಡೀ ಕ್ಷೇತ್ರ ಮಾತಾಡುವುದುಂಟು. ಇಂಗ್ಲೆಂಡಿನಲ್ಲಿ 2018ರಲ್ಲಿ ನಡೆದ ಸರ್ಕಾರಿ ಸಮೀಕ್ಷೆಯ ಪ್ರಕಾರ ಮಾಲೀಕರಲ್ಲಿ ಶೇ 45 ಮಂದಿಗೆ ಒಂದೇ ಬಾಡಿಗೆ ಮನೆ ಇದ್ದರೂ ಅವರ ಕೈಯಲ್ಲಿದ್ದದ್ದು ಒಟ್ಟು ಬಾಡಿಗೆ ಒಪ್ಪಂದಗಳ ಶೇ 21 ಮಾತ್ರ. ಐದು ಅಥವಾ ಹೆಚ್ಚು ಮನೆಗಳಿದ್ದ ಶೇ 17 ಮಂದಿಯ ಕೈಯಲ್ಲಿ ಶೇ 48 ಇತ್ತು.

ಆರನೆಯ ಹಂತ: ಕಡಿತದ ಹೊರೆ ಎಲ್ಲಿಗೆ ಹೋಯಿತೆಂದು ಹಿಂಬಾಲಿಸಿ

ನೆರವು ಹೆಚ್ಚಿದರೆ ಬಾಡಿಗೆ ಏರುತ್ತದೆಂಬ ವಾದ ಗಾಳಿಮಾತಲ್ಲ. ಫ್ರಾನ್ಸಿನಲ್ಲಿ 1990ರ ದಶಕದ ನೆರವು ವಿಸ್ತರಣೆಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞೆ ಗೇಬ್ರಿಯೆಲ್ ಫಾಕ್, ಹೆಚ್ಚುವರಿ ನೆರವಿನ ಪ್ರತಿ ಯೂರೋದಲ್ಲಿ 78 ಸೆಂಟ್ ಬಾಡಿಗೆಯ ಏರಿಕೆಗೆ ಹೋಯಿತೆಂದು ಕಂಡುಕೊಂಡರು. ಬ್ರಿಟನ್ನಿನ ಮಿತಿಪರರು ಇದನ್ನೇ ತಿರುಗಿಸಿ, ನೆರವು ಕಡಿದರೆ ಬಾಡಿಗೆಯೂ ಅಷ್ಟೇ ಇಳಿಯುತ್ತದೆ ಎಂದರು. 2011ರ ಕಡಿತದ ನಂತರ ಸರ್ಕಾರವೇ ಮಾಡಿಸಿದ ಮೌಲ್ಯಮಾಪನ ಅದನ್ನು ಸಮರ್ಥಿಸಲಿಲ್ಲ. ಹೊರೆಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಬಾಡಿಗೆದಾರರ ಮೇಲೆ ಬಿತ್ತು, ಒಂದು ಪಾಲನ್ನಷ್ಟೇ ಮಾಲೀಕರು ಹೊತ್ತರು. ನೆರವಿಲ್ಲದ ಬಾಡಿಗೆದಾರರು ಅದೇ ಮನೆಗೆ ಸಾಲುಗಟ್ಟಿ ನಿಂತಿರುವಾಗ ಬಾಡಿಗೆ ಇಳಿಸುವ ಒತ್ತಡ ಮಾಲೀಕರಿಗೆ ಎಲ್ಲಿಂದ ಬರಬೇಕು?

ಉಳಿಸಿದ ಹಣ ಖಜಾನೆಯಲ್ಲಿ ಉಳಿಯಿತೇ ಎಂಬುದನ್ನೂ ನೋಡಿ. ಮನೆ ಕಳೆದುಕೊಂಡ ಕುಟುಂಬಕ್ಕೆ ತಾತ್ಕಾಲಿಕ ವಸತಿ ಕೊಡುವುದು ಸ್ಥಳೀಯ ಆಡಳಿತ ಸಂಸ್ಥೆಯಾದ ಕೌನ್ಸಿಲ್‌ನ ಕಾನೂನುಬದ್ಧ ಹೊಣೆ. ಕೌನ್ಸಿಲ್ ಬಳಿ ಸ್ವಂತ ಮನೆಗಳು ಸಾಕಷ್ಟಿಲ್ಲ. 1980ರ ಕಾಯ್ದೆಯಡಿ ಬಾಡಿಗೆದಾರರಿಗೆ ರಿಯಾಯಿತಿಯಲ್ಲಿ ಮಾರಿದ ಮನೆಗಳ ಜಾಗಕ್ಕೆ ಅಷ್ಟೇ ಹೊಸ ಮನೆಗಳನ್ನು ಕಟ್ಟಲಿಲ್ಲ. ಹಾಗಾಗಿ ಅದು ಖಾಸಗಿ ಮಾಲೀಕರಿಂದಲೇ, ಹಲವು ಬಾರಿ ರಾತ್ರಿಯ ಲೆಕ್ಕದಲ್ಲಿ, ಕೋಣೆ ಹಿಡಿಯಬೇಕಾಗುತ್ತದೆ. 2025ರ ಮಧ್ಯದ ವೇಳೆಗೆ ಇಂಗ್ಲೆಂಡಿನಲ್ಲಿ 1,30,000ಕ್ಕೂ ಹೆಚ್ಚು ಕುಟುಂಬಗಳು ಹೀಗೆ ತಾತ್ಕಾಲಿಕ ವಸತಿಯಲ್ಲಿದ್ದವು. ಇದಕ್ಕೆ ಕೇಂದ್ರ ಸರ್ಕಾರ ಕೊಡುವ ಮರುಪಾವತಿಯನ್ನು 2011ರ ಜನವರಿಯ ದರದ ಶೇ 90ಕ್ಕೆ ಕಟ್ಟಿಹಾಕಲಾಗಿತ್ತು. ಉಳಿದದ್ದನ್ನು ಕೌನ್ಸಿಲ್ ತನ್ನ ಬೊಕ್ಕಸದಿಂದ, ಅಂದರೆ ಗ್ರಂಥಾಲಯ, ಮಕ್ಕಳ ಸೇವೆ, ರಸ್ತೆಗಳಿಗೆ ಹೋಗಬೇಕಾದ ಹಣದಿಂದ ತುಂಬುತ್ತದೆ. ಮಾಲೀಕರ ಲಾಭ ತಗ್ಗಿಸಲೆಂದು ಹಾಕಿದ ಮಿತಿ, ಮಾಲೀಕರಲ್ಲೇ ಅತಿ ದುಬಾರಿಯವರಿಗೆ ಗಿರಾಕಿ ಒದಗಿಸಿದ್ದನ್ನು ಒಪ್ಪಿಕೊಳ್ಳಲು ಯಾವ ಸರ್ಕಾರವೂ ಮುಂದೆ ಬಂದಿಲ್ಲ ಎಂಬುದು ನನಗೆ ಅತ್ಯಂತ ನೋವಿನ ಸಂಗತಿ.

ಕೊನೆಯ ಹಂತ: ಕೊರತೆ ಇದ್ದರೆ ಏನು ಮಾಡಬೇಕು

ಕೊರತೆ ಕಂಡ ಕೂಡಲೇ ಸ್ಥಳೀಯ ಕೌನ್ಸಿಲ್‌ನಲ್ಲಿ ತುರ್ತು ನೆರವಿನ ನಿಧಿಗೆ ಅರ್ಜಿ ಹಾಕಿ. ಬಾಡಿಗೆ ಬಾಕಿ ಬೆಳೆಯುವವರೆಗೆ ಕಾಯಬೇಡಿ. ನೆರವು ಪಡೆಯುವವರಿಗೆ ಮನೆ ಕೊಡುವುದೇ ಇಲ್ಲವೆಂದು ಏಜೆಂಟರು ಹೇಳಿದರೆ ಅದನ್ನು ಬರಹದಲ್ಲಿ ಕೇಳಿ ಪಡೆಯಿರಿ, ಏಕೆಂದರೆ ಅಂಥ ಸಾರಾಸಗಟು ನಿರಾಕರಣೆ ಕಾನೂನುಬಾಹಿರವೆಂದು 2020ರ ಜುಲೈನಲ್ಲಿ ಯಾರ್ಕ್ ಕೌಂಟಿ ನ್ಯಾಯಾಲಯ ಹೇಳಿದೆ. 2025ರ ಅಕ್ಟೋಬರ್‌ನಲ್ಲಿ ಅಂಗೀಕಾರವಾದ ಇಂಗ್ಲೆಂಡಿನ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಆ ನಿಷೇಧವನ್ನು ಇನ್ನಷ್ಟು ಗಟ್ಟಿಗೊಳಿಸಿದೆ. ಕಾರಣ ಕೊಡದೆ ಮನೆ ಬಿಡಿಸುವ ಪದ್ಧತಿ ಅದರಡಿ 2026ರ ಮೇ 1ರಿಂದ ರದ್ದು, ಬಾಡಿಗೆ ಏರಿಕೆಯೂ ವರ್ಷಕ್ಕೆ ಒಮ್ಮೆ ಮಾತ್ರ. ಏರಿಕೆ ಹೆಚ್ಚೆನಿಸಿದರೆ ನ್ಯಾಯಮಂಡಳಿಗೆ ಹೋಗಬಹುದು, ಹೋಗಿದ್ದಕ್ಕೆ ಮಾಲೀಕರು ಕೇಳಿದ್ದಕ್ಕಿಂತ ಹೆಚ್ಚು ಬಾಡಿಗೆಯನ್ನು ಅದು ವಿಧಿಸುವಂತಿಲ್ಲ. ಆದರೆ ನ್ಯಾಯಮಂಡಳಿ ಅಳೆಯುವುದು ಮಾರುಕಟ್ಟೆಯ ಬಾಡಿಗೆಯನ್ನು, ಸ್ಥಗಿತಗೊಂಡ ಸ್ಥಳೀಯ ದರವನ್ನಲ್ಲ. ನಮ್ಮ ಉದಾಹರಣೆಯ ಕುಟುಂಬ ಅಲ್ಲಿ ಗೆದ್ದು 1,200 ಪೌಂಡ್‌ಗೇ ಉಳಿದುಕೊಂಡರೂ, 200 ಪೌಂಡ್‌ನ ಮೊದಲ ಕೊರತೆ ಮುಂದಿನ ತಿಂಗಳೂ ಅಷ್ಟೇ ಇರುತ್ತದೆ.