ಮೇನ್ ಕೂನ್ ಬೆಕ್ಕಿನ ಕೂದಲು, ಮುಂಬೈ ಮಳೆಗಾಲ: ಬಾಚುವ, ತೊಳೆಯುವ, ಒಣಗಿಸುವ ಕ್ರಮ

ಮುಂಬೈ, ಠಾಣೆ, ಡೊಂಬಿವಲಿಯ ಫ್ಲ್ಯಾಟುಗಳಲ್ಲಿ ಮೇನ್ ಕೂನ್ ಸಾಕಿದವರಿಗೆ ಜೂನ್ ಬಂತೆಂದರೆ ತೊಂದರೆ ಶುರು. ಹೊಟ್ಟೆಯ ಕೂದಲು ಗಂಟು ಕಟ್ಟುತ್ತದೆ, ಮುಗ್ಗಲು ವಾಸನೆ ಬರುತ್ತದೆ, ಅಲ್ಲಲ್ಲಿ ಉದುರಿ ಚರ್ಮ ಕಾಣುತ್ತದೆ. ಆಗ ಯಾರಾದರೊಬ್ಬರು ಪೂರ್ತಿ ಬೋಳಿಸಿಬಿಡಿ ಎನ್ನುತ್ತಾರೆ. ದಯವಿಟ್ಟು ಬೋಳಿಸಬೇಡಿ. ಈ ಕೂದಲು ಯಾವ ಸೀಮೆಯಲ್ಲಿ, ಯಾವ ಕೆಲಸಕ್ಕೆ ಬೆಳೆದದ್ದು ಎಂದು ತಿಳಿದರೆ ಎಲ್ಲಿ ಹೆಚ್ಚು ಗಮನ ಕೊಡಬೇಕೆಂಬುದೂ ತಿಳಿಯುತ್ತದೆ.

ಇದರ ಮೂಲ ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯ. ತಿಂಗಳುಗಟ್ಟಲೆ ಹಿಮ ಬೀಳುವ ಕಡಲತೀರ. ಯುರೋಪಿನ ಹಡಗುಗಳಲ್ಲಿ ಬಂದ ಬೆಕ್ಕುಗಳು ಬಂದರುಗಳಲ್ಲಿ ಇಳಿದು ಸ್ಥಳೀಯ ಬೆಕ್ಕುಗಳೊಂದಿಗೆ ಬೆರೆತವು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ವಂಶವಾಹಿ ಅಧ್ಯಯನಗಳೂ ಇದನ್ನು ಪಶ್ಚಿಮ ಯುರೋಪಿನ ಬೆಕ್ಕುಗಳ ಗುಂಪಿಗೇ ಸೇರಿಸುತ್ತವೆ. ರಕೂನ್ ಪ್ರಾಣಿಯ ಜೊತೆ ಕೂಡಿ ಹುಟ್ಟಿತು ಎಂದು ಮಾರುವವರು ಹೇಳುವುದುಂಟು. ಅದು ಜೀವಶಾಸ್ತ್ರದ ಪ್ರಕಾರ ಅಸಾಧ್ಯ. ಫ್ರಾನ್ಸಿನ ರಾಣಿ ಮರೀ ಆಂಟೊನೆಟ್ ತನ್ನ ಬೆಕ್ಕುಗಳನ್ನು ಹಡಗು ಹತ್ತಿಸಿ ಕಳಿಸಿದಳು ಎಂಬುದೂ ಕಟ್ಟುಕಥೆಯೇ.

1895ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಪ್ರದರ್ಶನದಲ್ಲಿ ಕೋಸಿ ಎಂಬ ಕಂದು ಪಟ್ಟೆಯ ಹೆಣ್ಣು ಮೇನ್ ಕೂನ್ ಅತ್ಯುತ್ತಮ ಬೆಕ್ಕೆನಿಸಿ ಬೆಳ್ಳಿಯ ಕೊರಳಪಟ್ಟಿ ಗೆದ್ದಿತು. ಆಮೇಲೆ ಪರ್ಷಿಯನ್ ಬೆಕ್ಕಿನ ಹುಚ್ಚು ಹಿಡಿದು, 1950ರ ದಶಕದ ಹೊತ್ತಿಗೆ ಮೇನ್ ಕೂನ್ ಅಳಿದೇ ಹೋಯಿತೆಂಬ ಸುದ್ದಿಯೂ ಹಬ್ಬಿತ್ತು. ತಳಿಗಾರರ ಸಂಘ ಹುಟ್ಟಿದ್ದು 1968ರಲ್ಲಿ. ಅಮೆರಿಕದ ದೊಡ್ಡ ನೋಂದಣಿ ಸಂಸ್ಥೆಯಾದ ಸಿಎಫ್‌ಎ ಚಾಂಪಿಯನ್ ಸ್ಪರ್ಧೆಗೆ ಒಪ್ಪಿಕೊಂಡದ್ದು 1976ರಲ್ಲಿ. 1985ರಲ್ಲಿ ಅದು ಮೇನ್ ರಾಜ್ಯದ ಅಧಿಕೃತ ಬೆಕ್ಕಾಯಿತು. ಅಂದರೆ, ತಳಿಗಾರರ ಕೈಗೆ ಬರುವ ಎಷ್ಟೋ ಮೊದಲೇ ಆ ಚಳಿ ಈ ಕೂದಲನ್ನು ರೂಪಿಸಿಯಾಗಿತ್ತು.

ಪರ್ಷಿಯನ್‌ನ ಕೂದಲು ಮೈತುಂಬ ಒಂದೇ ಸಮ ದಟ್ಟ. ಮೇನ್ ಕೂನ್‌ನದು ಏರುಪೇರು. ಭುಜದ ಮೇಲೆ ಗಿಡ್ಡ. ಹಿಮದ ಮೇಲೆ ಕೂರುವುದಕ್ಕೆ ಹೊಟ್ಟೆ, ಹಿಂದೊಡೆಯಲ್ಲಿ ಉದ್ದ. ಕತ್ತಿನ ಸುತ್ತ ದಪ್ಪ. ಬೆರಳುಗಳ ನಡುವೆ ಕುಚ್ಚು. ಮಲಗಿದಾಗ ಮೈಗೆ ಸುತ್ತಿಕೊಳ್ಳಲು ಪೊದೆಬಾಲ. ಬೆನ್ನಿನ ಮೇಲ್ಗೂದಲು ಎಣ್ಣೆ ಹಿಡಿದು ನೀರು ಜಾರಿಸುತ್ತದೆ. ಅಲ್ಲಿ ಚಳಿಯಿಂದ ಹೆಚ್ಚು ಕಾಪಾಡುತ್ತಿದ್ದ ಜಾಗಗಳೇ ಇಲ್ಲಿನ ಆರ್ದ್ರತೆಯಲ್ಲಿ ಮೊದಲು ಕೆಡುತ್ತವೆ. ಬೆನ್ನು ಬಾಚಿ ಕೆಲಸ ಮುಗಿಯಿತು ಎಂದುಕೊಳ್ಳುವವರ ಬೆಕ್ಕಿಗೆ ಕಂಕುಳಲ್ಲಿ ಗಂಟು ಬಿದ್ದಿರುತ್ತದೆ.

ಬಾಚಲು ಬೇಕಾದದ್ದು ಅರ್ಧ ಅಗಲ ಹಲ್ಲು, ಅರ್ಧ ಒತ್ತು ಹಲ್ಲಿನ ಸ್ಟೀಲ್ ಬಾಚಣಿಗೆ. ಸಣ್ಣ ತಂತಿ ಹಲ್ಲುಗಳ ಸ್ಲಿಕರ್ ಬ್ರಶ್ ಇದ್ದರೆ ಒಳ್ಳೆಯದು, ಆದರೆ ಅದು ಮೇಲ್ಮೈಯನ್ನಷ್ಟೇ ಚೊಕ್ಕ ಮಾಡುತ್ತದೆ. ಒಳಗಿನ ಸಿಕ್ಕು ಬಾಚಣಿಗೆಗೆ ಮಾತ್ರ ಸಿಗುತ್ತದೆ. ಅಕ್ಟೋಬರಿನಿಂದ ಮೇವರೆಗೆ ವಾರಕ್ಕೆ ಎರಡು ಸಲ, ಮಳೆಗಾಲದಲ್ಲಿ ದಿನ ಬಿಟ್ಟು ದಿನ, ಹತ್ತು ನಿಮಿಷ. ಕಿವಿಯ ಹಿಂದಿನಿಂದ ಆರಂಭಿಸಿ ಕತ್ತು, ಕಂಕುಳು, ಹೊಟ್ಟೆ, ತೊಡೆಯ ಹಿಂಭಾಗ, ಬಾಲ ಈ ಕ್ರಮದಲ್ಲಿ ಹೋಗಿ. ಹೊಟ್ಟೆ ಮುಟ್ಟಲು ಬಿಡದ ಬೆಕ್ಕಾದರೆ ಒಂದೇ ದಿನ ಹಟ ಮಾಡದೆ ಒಂದೊಂದು ಭಾಗವಾಗಿ ಮುಗಿಸಿ.

ಗಂಟು ಸಿಕ್ಕರೆ ಒಂದು ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಬುಡವನ್ನು ಎರಡು ಬೆರಳಲ್ಲಿ ಹಿಡಿದು, ತುದಿಯಿಂದ ಬುಡದ ಕಡೆಗೆ ಸ್ವಲ್ಪಸ್ವಲ್ಪವೇ ಬಿಡಿಸಿ. ಬುಡ ಹಿಡಿಯದೆ ಎಳೆದರೆ ಚರ್ಮ ನೋಯುತ್ತದೆ, ಮುಂದಿನ ಸಲ ಬೆಕ್ಕು ಹತ್ತಿರ ಬರುವುದಿಲ್ಲ. ಕತ್ತರಿ ಮಾತ್ರ ಬೇಡವೇ ಬೇಡ: ಬೆಕ್ಕಿನ ಚರ್ಮ ತೆಳು, ಗಂಟಿನ ಜೊತೆ ಮೇಲೆದ್ದು ಬರುತ್ತದೆ, ಕೂದಲೆಂದುಕೊಂಡು ಚರ್ಮವನ್ನೇ ಕತ್ತರಿಸಿಬಿಡುತ್ತೇವೆ. ಬಿಡದ ಗಂಟನ್ನು ಟ್ರಿಮ್ಮರ್‌ನಿಂದ ತೆಗೆಯಬೇಕು. ಬೆಕ್ಕಿನ ಶೌಚದ ತಟ್ಟೆಗೆ ಹಾಕುವ ಬೆಂಟೊನೈಟ್ ಜೇಡಿಪುಡಿ (ಲಿಟರ್) ಹಿಂದೊಡೆಗೆ, ಬೆರಳ ಕುಚ್ಚಿಗೆ ಅಂಟಿ ಗಟ್ಟಿಯಾಗುತ್ತದೆ. ಗುದದ ಸುತ್ತಲಿನ ಮತ್ತು ಅಂಗಾಲಿನ ಕೂದಲನ್ನಷ್ಟೇ ಟ್ರಿಮ್ಮರ್‌ನಿಂದ ಗಿಡ್ಡ ಮಾಡಿದರೆ ಸಾಕು.

ಸ್ನಾನ ಪದೇ ಪದೇ ಬೇಡ. ಮೈ ಜಿಡ್ಡಾದಾಗ ಸಾಕು. ಮೊದಲು ಗಂಟು ಬಿಡಿಸಲೇಬೇಕು; ನೆನೆದ ಗಂಟು ಇನ್ನಷ್ಟು ಬಿಗಿಯುತ್ತದೆ. ನೀರು ಮೈ ಬಿಸಿಯಷ್ಟು, ಸುಮಾರು 38 ಡಿಗ್ರಿ. ಬೆಕ್ಕಿನ ಶಾಂಪೂವನ್ನು ಒಂದು ಮಗ್ ನೀರಲ್ಲಿ ಕದಡಿ ಹಾಕಿದರೆ ಬುಡದವರೆಗೆ ಇಳಿಯುತ್ತದೆ. ನಿಜವಾದ ಕೆಲಸ ಒಣಗಿಸುವುದು. ಮೇಲ್ಗೂದಲು ಬೇಗ ಒಣಗಿ ಮೋಸ ಮಾಡುತ್ತದೆ, ಒಳಗೂದಲು ಗಂಟೆಗಟ್ಟಲೆ ಒದ್ದೆಯಾಗಿರುತ್ತದೆ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ. ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು, ಕೂದಲು ಬೇರ್ಪಡಿಸುತ್ತ ಬುಡಕ್ಕೆ ಗಾಳಿ ಕೊಡಿ. ಆಮೇಲೆ ಏಸಿಯನ್ನು ಡ್ರೈ ಮೋಡ್‌ನಲ್ಲಿ ಹಾಕಿದ ಕೋಣೆಯಲ್ಲಿ ಬಿಡಿ. ಗೋವಾದಲ್ಲೂ ಇದೇ ಕ್ರಮ. ಪುಣೆಯಲ್ಲಿ ಮಳೆಗಾಲ ಬಿಟ್ಟರೆ ಗಾಳಿ ಒಣ, ಆಗ ಅಲ್ಲಿ ಇಷ್ಟು ಕಷ್ಟವಿಲ್ಲ.

ಉದ್ದಕೂದಲಿನ ಬೆಕ್ಕುಗಳಿಗೆ ಮೈಕ್ರೋಸ್ಪೋರಂ ಕ್ಯಾನಿಸ್ ಶಿಲೀಂಧ್ರದಿಂದ ಹುಳುಕಡ್ಡಿ ಸುಲಭವಾಗಿ ಹತ್ತುತ್ತದೆ. ದುಂಡಗೆ ಕೂದಲು ಉದುರುವುದು, ಹೊಟ್ಟು, ಮುರಿದ ಕೂದಲು ಇದರ ಗುರುತು. ಮನೆಯವರಿಗೂ ಹರಡುತ್ತದೆ, ಆದ್ದರಿಂದ ಕಾಯದೆ ಪಶುವೈದ್ಯರಿಗೆ ತೋರಿಸಿ. ಮನುಷ್ಯರ ಮುಲಾಮು ಹಚ್ಚಿದರೆ ಬೆಕ್ಕು ನೆಕ್ಕಿ ನುಂಗುತ್ತದೆ. ನೆಲ ಒರೆಸಲು ಕಪ್ಪು ಫಿನಾಯಿಲ್ ಬಳಸಬೇಡಿ. ಅದರ ಫೀನಾಲ್ ಬೆಕ್ಕಿಗೆ ವಿಷ. ನಾಯಿಯ ಮೈಗೆ ಹತ್ತುವ ಉಣ್ಣಿಹುಳಕ್ಕೆ ಹಾಕುವ ಪರ್ಮೆಥ್ರಿನ್ ಔಷಧಿ ಬೆಕ್ಕಿನ ಜೀವವನ್ನೇ ತೆಗೆಯಬಲ್ಲದು. ಮುಂಬೈಯವರಿಗೆ ಪರೇಲ್‌ನಲ್ಲಿ 1883ರಿಂದ ಇರುವ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ.

ವರ್ಷವಿಡೀ ಕೂದಲು ಉದುರುವುದಕ್ಕೆ ರೋಗವೇ ಕಾರಣವಾಗಬೇಕಿಲ್ಲ. ಒಳಗೂದಲು ಕಳಚುವುದನ್ನು ಮುಖ್ಯವಾಗಿ ಹಗಲಿನ ಉದ್ದ ನಿರ್ಧರಿಸುತ್ತದೆ. ಮೇನ್‌ನಲ್ಲಿ ಚಳಿಗಾಲದ ಹಗಲು ಸುಮಾರು 9 ಗಂಟೆ, ಬೇಸಿಗೆಯದು 15 ದಾಟುತ್ತದೆ. ಮುಂಬೈಯಲ್ಲಿ 11ರಿಂದ 13ರ ಆಚೀಚೆ. ಮೇಲೆ ಮನೆಯ ದೀಪಗಳು ಬೇರೆ. ಹಾಗಾಗಿ ಸ್ವಲ್ಪಸ್ವಲ್ಪ ಸದಾ ಉದುರುತ್ತಲೇ ಇರುತ್ತದೆ. ಆಹಾರವೂ ಕಾರಣವಿರಬಹುದು: ಮೊಸರನ್ನದಲ್ಲಿ ಬೆಳೆದ ಬೆಕ್ಕಿಗೆ ಪ್ರೋಟೀನ್ ಸಾಲದು, ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದೆ ಕಣ್ಣು, ಹೃದಯ ಕೆಡುತ್ತವೆ. ಮನೆಯಲ್ಲಿ ಮಾಂಸ ಬೇಯಿಸದವರು ಬೆಕ್ಕಿನ ಸಿದ್ಧ ಆಹಾರವನ್ನೇ ಕೊಡಬೇಕು.

ಗಂಟುಗಳು ಕೂಡಿ ಚಾಪೆಯಂತಾದರೆ ಅರಿವಳಿಕೆ ಕೊಟ್ಟೇ ತೆಗೆಯಬೇಕಾಗುತ್ತದೆ. ಈ ತಳಿಗೆ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ ವಂಶದಲ್ಲೇ ಬರುತ್ತದೆ. ಅದಕ್ಕೆ ಕಾರಣವಾಗುವ ಒಂದು ರೂಪಾಂತರ ಎಂವೈಬಿಪಿಸಿ3 ಎಂಬ ವಂಶವಾಹಿಯಲ್ಲಿ ಇರುವುದು 2005ರಲ್ಲಿ ಪತ್ತೆಯಾಯಿತು. ಮರಿ ಕೊಳ್ಳುವಾಗಲೇ ತಂದೆತಾಯಿಯ ಆ ಡಿಎನ್‌ಎ ವರದಿ ಕೇಳಿ ಇಟ್ಟುಕೊಳ್ಳಿ. ವರದಿ ಚೆನ್ನಾಗಿದ್ದರೂ ಕಾಯಿಲೆ ಬೇರೆ ಕಾರಣದಿಂದ ಬರಬಹುದು. ಆದ್ದರಿಂದ ಕೂದಲು ತೆಗೆಸಲು ಅರಿವಳಿಕೆ ಕೊಡಿಸುವ ಮೊದಲು ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಿ, ವರದಿಯನ್ನು ವೈದ್ಯರಿಗೆ ತೋರಿಸಿ.