ಮಾಸ್ಟರ್ ಸಿಲಿಂಡರ್ ಬದಲಿಸುವಾಗ ಆ ಕೂದಲೆಳೆಯ ಸಂದು ಬಿಡಿ

ದಾವಣಗೆರೆಯ ಗ್ಯಾರೇಜೊಂದರಲ್ಲಿ ನನ್ನ ಹಳೆಯ ಕಾರಿಗೆ ದೊಡ್ಡ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಭಾಗ) ಹಾಕಿಸಿಕೊಂಡು ಚಿತ್ರದುರ್ಗಕ್ಕೆ ಹೊರಟಿದ್ದೆ. ಆನಗೋಡು ದಾಟುವವರೆಗೆ ಎಲ್ಲವೂ ಸರಿಯಿತ್ತು. ಭರಮಸಾಗರ ಬರುವಷ್ಟರಲ್ಲಿ ಗಾಡಿ ಎಳೆಯದಾಯಿತು, ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಇಳಿದು ಮುಂದಿನ ಚಕ್ರದ ರಿಮ್ಮಿಗೆ ನಾಲ್ಕು ಹನಿ ನೀರು ಚಿಮುಕಿಸಿದರೆ ಕಾದ ಹೆಂಚಿಗೆ ಬಿದ್ದಂತೆ ಚುರ್ರೆಂದಿತು. ಸಿಲಿಂಡರಿನಲ್ಲಿ ದೋಷವಿರಲಿಲ್ಲ. ಅದರ ಪಿಸ್ಟನ್ನನ್ನು ಒತ್ತುವ ಪುಷ್ ರಾಡಿನ ಅಳತೆ ನೋಡದೆ ಕೂರಿಸಿದ್ದರು. ಅಂದಿನಿಂದ ಈ ಕೆಲಸವನ್ನು ನಾನೇ ಮಾಡುತ್ತೇನೆ.

ಮೊದಲು ಗಾತ್ರದ ಮಾತು. ಮುಂದಿನ ಚಕ್ರಗಳಿಗೆ ದೊಡ್ಡ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಹಾಕಿಸಿದಾಗ ಹೆಚ್ಚು ಬ್ರೇಕ್ ಆಯಿಲ್ ಬೇಕಾಗುತ್ತದೆ, ಪೆಡಲ್ ಆಳಕ್ಕೆ ಇಳಿಯುತ್ತದೆ. ಆಗ ದೊಡ್ಡ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ಬೇಕು. 19.05 ಮಿ.ಮೀ. ಬದಲು 22.22 ಮಿ.ಮೀ. ಬೋರ್ ಹಾಕಿದರೆ, ಪೆಡಲ್ ಅಷ್ಟೇ ದೂರ ಇಳಿದಾಗ ಶೇ 36ರಷ್ಟು ಹೆಚ್ಚು ಆಯಿಲ್ ಹೋಗುತ್ತದೆ. ಆದರೆ ಕಾಲಿನ ಬಲ ಅಷ್ಟೇ ಇದ್ದರೆ ಒತ್ತಡ ಸುಮಾರು ಶೇ 26ರಷ್ಟು ಕುಸಿಯುತ್ತದೆ. ಕ್ಯಾಲಿಪರ್ ಹಳೆಯದೇ ಇದ್ದು ಸಿಲಿಂಡರ್ ಮಾತ್ರ ದೊಡ್ಡದಾದರೆ ಪೆಡಲ್ ಕಲ್ಲಿನಂತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಅಂಥ ಬದಲಾವಣೆ ಬೇಡ.

ಹಳೆಯದನ್ನು ಬಿಚ್ಚುವ ಮುನ್ನ ಸಿಲಿಂಡರಿನ ಮೇಲಿನ ಪುಟ್ಟ ಟ್ಯಾಂಕಿನ ಬ್ರೇಕ್ ಆಯಿಲನ್ನು ಸಿರಿಂಜಿನಿಂದ ಹೀರಿಕೊಳ್ಳಿ. ಪೈಪಿನ ನಟ್ಟುಗಳಿಗೆ ಸಾಮಾನ್ಯ ಸ್ಪ್ಯಾನರ್ ಹಾಕಿದರೆ ಮೂಲೆ ಸವೆಯುತ್ತದೆ. ಪೈಪ್ ತೂರುವಷ್ಟು ಬಾಯಿ ತೆರೆದ ರಿಂಗ್ ಸ್ಪ್ಯಾನರ್ ಬಳಸಿ. ಆಯಿಲ್ ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರು ಸುರಿಯಿರಿ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ. ಆಷಾಢದ ಗಾಳಿಯಲ್ಲಿ ಚಿತ್ರದುರ್ಗದ ಬಯಲಿನಲ್ಲಿ ಈ ಕೆಲಸಕ್ಕೆ ಕೂರಲೇಬೇಡಿ. ತೆರೆದ ಪೈಪಿನೊಳಗೆ ಒಂದು ಚಿಟಿಕೆ ದೂಳು ಹೋದರೂ ರಬ್ಬರ್ ಸೀಲ್ ಗೀರುತ್ತದೆ.

ಹೊಸ ಸಿಲಿಂಡರನ್ನು ವೈಸ್‌ನಲ್ಲಿ ಅಂಚಿನ ಪಟ್ಟಿಯಿಂದ ಹಿಡಿಸಿ, ಮೈಯನ್ನು ಹಿಸುಕಬೇಡಿ. ಒಳಗಿನ ಗಾಳಿ ತೆಗೆಯಲು ಟ್ಯಾಂಕಿಗೆ ಆಯಿಲ್ ಹಾಕಿ, ಹೊರದಾರಿಗಳಿಂದ ಎರಡು ಟ್ಯೂಬ್ ಎಳೆದು ಟ್ಯಾಂಕಿನ ಆಯಿಲಿನೊಳಗೆ ಮುಳುಗಿಸಿ. ಮೊಂಡು ಕೋಲಿನಿಂದ ಪಿಸ್ಟನ್ನನ್ನು ನಿಧಾನವಾಗಿ ಒತ್ತಿ, ನಿಧಾನವಾಗಿ ಬಿಡಿ. ಗುಳ್ಳೆ ನಿಂತ ಮೇಲೆ ಮುಂದಿನ ಹೆಜ್ಜೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಎಂದು ಗಾಡಿಯ ಕೈಪಿಡಿ ಹೇಳಿದರೆ ಸೀಲು ಒಡೆಯದ ಹೊಸ ಡಬ್ಬಿಯನ್ನೇ ತೆರೆಯಿರಿ. ಅದು ಗಾಳಿಯ ತೇವ ಹೀರುತ್ತದೆ. ತಾಜಾ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿದ್ದರೆ, ತೇವ ಹೀರಿದ್ದರ ಮಿತಿ 155ಕ್ಕೆ ಇಳಿಯುತ್ತದೆ.

ಇನ್ನು ನನ್ನ ಗಾಡಿಯನ್ನು ಕಾಯಿಸಿದ ಜಾಗ. ಬೂಸ್ಟರಿನಿಂದ (ಕಾಲಿನ ಬಲವನ್ನು ಹೆಚ್ಚಿಸುವ ದುಂಡನೆಯ ಡಬ್ಬಿ) ಹೊರಬಂದ ಪುಷ್ ರಾಡಿನ ತುದಿಗೂ ಪಿಸ್ಟನ್ನಿನ ಗುಳಿಗೂ ನಡುವೆ ಸಣ್ಣ ಸಂದು ಬೇಕು. ಬಹಳಷ್ಟು ಗಾಡಿಗಳಲ್ಲಿ ಅದು ಒಂದು ಮಿಲಿಮೀಟರಿಗಿಂತ ಕಡಿಮೆ. ನಿಮ್ಮ ಗಾಡಿಯ ಸರಿಯಾದ ಅಳತೆ ಕೈಪಿಡಿಯಲ್ಲಿರುತ್ತದೆ. ಸಂದು ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಸರಿಯುವುದಿಲ್ಲ, ಟ್ಯಾಂಕಿಗೆ ಆಯಿಲ್ ಮರಳುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಓಡಿದಂತೆ ಆಯಿಲ್ ಕಾದು ಹಿಗ್ಗಿ, ಹೋಗಲು ದಾರಿಯಿಲ್ಲದೆ, ಯಾರೂ ಕಾಲಿಡದೆಯೇ ಬ್ರೇಕ್ ಹಿಡಿಯುತ್ತದೆ. ಸಂದು ಹೆಚ್ಚಾದರೆ ಪೆಡಲಿನ ಅರ್ಧ ಓಟ ವ್ಯರ್ಥ.

ಅಳೆಯಲು ಗುಳಿಯೊಳಗೆ ಮಕ್ಕಳ ಜೇಡಿಮಣ್ಣಿನ ಬಟಾಣಿ ಗಾತ್ರದ ಉಂಡೆ ಇಡಿ. ಗ್ಯಾಸ್ಕೆಟ್ ಸಮೇತ ಸಿಲಿಂಡರ್ ಕೂರಿಸಿ ನಟ್ ಬಿಗಿ ಮಾಡಿ, ಮತ್ತೆ ಬಿಚ್ಚಿ. ಚಪ್ಪಟೆಯಾದ ಮಣ್ಣಿನ ದಪ್ಪವೇ ನಿಮ್ಮ ಸಂದು, ವರ್ನಿಯರ್‌ನಿಂದ ಅಳೆಯಿರಿ. ಸರಿಯಿಲ್ಲದಿದ್ದರೆ ರಾಡನ್ನು ತಿರುಗದಂತೆ ಹಿಡಿದು ತುದಿಯ ಸ್ಕ್ರೂ ತಿರುಗಿಸಿ. ರಾಡನ್ನು ಹೊರಗೆಳೆಯಬೇಡಿ; ಬೂಸ್ಟರಿನೊಳಗಿನ ರಬ್ಬರ್ ಬಿಲ್ಲೆ ಜಾರಿಬಿಡಬಹುದು. ಎರಡು ಮೂರು ಸಲ ಬಿಚ್ಚಿ ಕೂರಿಸಬೇಕಾದರೂ ಬೇಸರ ಬೇಡ. ಅಳತೆ ಮುಗಿದ ಮೇಲೆ ಮಣ್ಣಿನ ಕಣವೂ ಉಳಿಯದಂತೆ ಒರೆಸಿ.

ನಂತರ ಸಿಲಿಂಡರ್ ಕೂರಿಸಿ, ಪೈಪ್ ಜೋಡಿಸಿ, ಪ್ರತಿ ಚಕ್ರದ ನಿಪ್ಪಲ್ (ಗಾಳಿ ಬಿಡುವ ಪುಟ್ಟ ಸ್ಕ್ರೂ) ಮೂಲಕ ಪೈಪಿನೊಳಗಿನ ಏರ್ ತೆಗೆಯಬೇಕು. ಸಾಮಾನ್ಯವಾಗಿ ಸಿಲಿಂಡರಿನಿಂದ ಅತಿ ದೂರದ ಚಕ್ರ ಮೊದಲು. ಬಲಗಡೆ ಸ್ಟೇರಿಂಗ್ ಇರುವ ನಮ್ಮ ಗಾಡಿಗಳಲ್ಲಿ ಅದು ಎಡಹಿಂಬದಿ. ಕೈಪಿಡಿ ಬೇರೆ ಕ್ರಮ ಹೇಳಿದರೆ ಅದನ್ನೇ ಪಾಲಿಸಿ. ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇದ್ದರೆ ಸ್ಕ್ಯಾನರ್ ಇರುವವರ ಸಹಾಯ ಬೇಕಾಗಬಹುದು. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ನೀವು ನಿಪ್ಪಲ್ ತೆರೆಯಿರಿ; ಅದನ್ನು ಮುಚ್ಚುವ ತನಕ ಅವರು ಕಾಲು ಎತ್ತಬಾರದು. ಟ್ಯಾಂಕ್ ಬರಿದಾಗದಂತೆ ಆಯಿಲ್ ತುಂಬುತ್ತಿರಿ.

ಎಂಜಿನ್ ಆರಿಸಿ ನಾಲ್ಕೈದು ಬಾರಿ ಒತ್ತಿ, ಪೆಡಲ್ ಗಟ್ಟಿಯಾದ ಮೇಲೆ ಒಂದು ನಿಮಿಷ ಹಿಡಿದುಕೊಳ್ಳಿ. ಇಳಿಯುತ್ತಾ ಹೋದರೆ ಒಳಗೋ ಹೊರಗೋ ಸೋರಿಕೆಯಿದೆ. ಮತ್ತೆ ಚಕ್ರಗಳನ್ನು ಎತ್ತಿ ಕೈಯಿಂದ ತಿರುಗಿಸಿ. ಬಿಗಿಯಿದ್ದರೆ ಬೂಸ್ಟರಿನ ಮೇಲಿನ ಸಿಲಿಂಡರ್ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ ಸಿಲಿಂಡರನ್ನು ಮುಂದಕ್ಕೆ ಸರಿಸಿ. ಆಗ ಚಕ್ರ ಹಗುರವಾದರೆ ರಾಡ್ ಉದ್ದವಾಗಿದೆ ಎಂದೇ ಅರ್ಥ. ಮೊದಲ ಓಟ ಖಾಲಿ ರಸ್ತೆಯಲ್ಲಿ, ನಿಧಾನವಾಗಿ ಇರಲಿ. ಹತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ನಾಲ್ಕೂ ರಿಮ್ಮಿನ ಹತ್ತಿರ ಅಂಗೈ ಒಡ್ಡಿ ನೋಡಿ.